ಮಗಳ ಟೀಚರ್ ಬಗ್ಗೆ ಹೇಳಬೇಕಾಗಿದೆ, ಮೊದಲು ಯಾರ ಹತ್ತಿರ ಹೋಗಲಿ?

ಸುರತ್ಕಲ್ ಅಮ್ಮ:
ನಮಸ್ಕಾರ. ಮಗಳು ನಾಲ್ಕನೇ ಕ್ಲಾಸ್. ಮನೆ ಹತ್ತಿರದ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆ, ಸ್ಟೇಟ್ ಸಿಲೆಬಸ್. ಕಳೆದ ವರ್ಷದವರೆಗೆ ಶಾಲೆ ಅಂದರೆ ಕುಣಿದುಕೊಂಡು ಹೋಗುತ್ತಿದ್ದಳು. ಈ ವರ್ಷ ಗಣಿತಕ್ಕೆ ಹೊಸ ಟೀಚರ್ ಬಂದಿದ್ದಾರೆ. ಗಣಿತ ಮೊದಲ ಪೀರಿಯಡ್ ಇರುವ ದಿನ ಬೆಳಿಗ್ಗೆ ಹೊಟ್ಟೆನೋವು ಶುರು. ಡಾಕ್ಟರಿಗೆ ತೋರಿಸಿದೆ. ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಅಂದರು.

ಅವಳು ಸ್ವಲ್ಪ ಸ್ವಲ್ಪವೇ ಬಾಯಿಬಿಟ್ಟದ್ದು ಇಷ್ಟು. ಮಗ್ಗಿ ತಪ್ಪಿದವರನ್ನು ಪೀರಿಯಡ್ ಮುಗಿಯುವವರೆಗೆ ಬಾಗಿಲ ಹೊರಗೆ ನಿಲ್ಲಿಸುತ್ತಾರೆ. ಬೇರೆ ಕ್ಲಾಸಿನ ಮಕ್ಕಳು ನೋಡಿಕೊಂಡು ಹೋಗುತ್ತಾರೆ. "ನೀನು ಎರಡನೇ ಕ್ಲಾಸಿಗೆ ಹೋಗಿ ಕೂತುಕೋ" ಅಂತ ಎಲ್ಲರ ಮುಂದೆ ಹೇಳಿದ್ದಾರಂತೆ. ಗೆಳತಿಯ ಹತ್ತಿರ ತುಳುವಿನಲ್ಲಿ ಮಾತಾಡಿದ್ದಕ್ಕೆ ಡೈರಿಯಲ್ಲಿ ಬರೆದು ಕಳುಹಿಸಿದ್ದಾರೆ, ಇನ್ನೊಮ್ಮೆ ಆದರೆ ಫೈನ್ ಅಂತ.

ಗಂಡ ದುಬೈಯಲ್ಲಿದ್ದಾರೆ. "ಸೀದಾ ಮ್ಯಾನೇಜ್‌ಮೆಂಟ್‌ಗೆ ಹೇಳು" ಅನ್ನುತ್ತಾರೆ. ಅತ್ತೆ "ಟೀಚರನ್ನು ಎದುರು ಹಾಕಿಕೊಂಡರೆ ಮಗುವಿಗೇ ತೊಂದರೆ, ಸುಮ್ಮನಿರು" ಅನ್ನುತ್ತಾರೆ. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಸೇರಿ ಟೀಚರನ್ನು ಬದಲಾಯಿಸಬೇಕು ಅಂತ ರಾತ್ರಿ ಹನ್ನೊಂದರವರೆಗೆ ಮೆಸೇಜ್ ಹಾಕುತ್ತಾರೆ. ಬೆಳಿಗ್ಗೆ ಶಾಲೆಗೆ ಹೋಗುವವರು ಒಬ್ಬರೂ ಇಲ್ಲ. ನನಗೆ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತಿಲ್ಲ. ಅನುಭವ ಇದ್ದವರು ಹೇಳಿ.

ಕಾರ್ಕಳದ ನಿವೃತ್ತ ಹೆಡ್‌ಮಾಸ್ಟರ್:
ಅಮ್ಮ, ಮೊದಲು ಆ ಟೀಚರ್ ಹತ್ತಿರವೇ ಹೋಗಿ. ನೇರವಾಗಿ, ಒಬ್ಬರೇ. ಇದನ್ನು ಟೀಚರ್ ಪರವಾಗಿ ಹೇಳುತ್ತಿಲ್ಲ. ಪೋಷಕರು ಸೀದಾ ನನ್ನ ಕೋಣೆಗೆ ಬಂದಾಗ ನಾನು ಮಾಡುತ್ತಿದ್ದ ಮೊದಲ ಕೆಲಸ ಟೀಚರನ್ನು ಕರೆಸುವುದು. ಅಷ್ಟು ಹೊತ್ತಿಗೆ ಅವರಿಗೆ ತನ್ನ ಮರ್ಯಾದೆ ಉಳಿಸಿಕೊಳ್ಳುವುದೇ ಮುಖ್ಯ ಆಗಿರುತ್ತಿತ್ತು, ಮಗುವಿನ ವಿಷಯ ಪಕ್ಕಕ್ಕೆ ಹೋಗುತ್ತಿತ್ತು.

ಗೇಟಿನ ಹತ್ತಿರ ಮಾತಾಡಬೇಡಿ. ಬೆಳಿಗ್ಗೆ ಬೆಲ್ ಹೊಡೆಯುವ ಹೊತ್ತಿಗೆ ಹೋಗಬೇಡಿ. ಪ್ರೋಗ್ರೆಸ್ ಕಾರ್ಡ್ ಕೊಡುವ ದಿನ ಹಿಂದೆ ಹತ್ತು ಜನ ಸಾಲು ನಿಂತಿರುವಾಗಲೂ ಬೇಡ. "ನಿಮ್ಮ ಹತ್ತಿರ ಸ್ವಲ್ಪ ಮಾತಾಡಲಿಕ್ಕುಂಟು, ಯಾವಾಗ ಬರಲಿ" ಅಂತ ಡೈರಿಯಲ್ಲಿ ಬರೆದು ಕಳುಹಿಸಿ. ಅವರು ಹೇಳಿದ ಹೊತ್ತಿಗೆ ಹೋಗಿ. ಕೂತ ಕೂಡಲೇ ದೂರು ಹೇಳಬೇಡಿ. "ಮಗಳು ಕ್ಲಾಸಿನಲ್ಲಿ ಹೇಗಿರುತ್ತಾಳೆ ಟೀಚರ್?" ಅಂತ ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿ. ಆಮೇಲೆ ಮನೆಯಲ್ಲಿ ಏನಾಗುತ್ತಿದೆ ಅಂತ ಹೇಳಿ. ಹೊಟ್ಟೆನೋವು, ಡಾಕ್ಟರ್ ಹೇಳಿದ್ದು, ಅವಳು ಹೊರಗೆ ನಿಂತೆ ಅಂತ ಹೇಳಿದ ದಿನಗಳು. "ನೀವು ಯಾವಾಗಲೂ ಹೀಗೇ" ಅನ್ನುವ ಮಾತು ಬಾಯಲ್ಲಿ ಬರಬಾರದು. ಕೊನೆಗೆ ಒಂದೇ ಒಂದು ಕೇಳಿ: ಅವಳನ್ನು ಹೊರಗೆ ನಿಲ್ಲಿಸುವುದು ಬೇಡ, ಮಗ್ಗಿ ನಾನು ಮನೆಯಲ್ಲಿ ಮಾಡಿಸುತ್ತೇನೆ, ಎರಡು ವಾರ ಕಳೆದು ಮತ್ತೆ ಬರುತ್ತೇನೆ ಅಂತ.

ಉಳ್ಳಾಲದ ಅಪ್ಪ:
ಸರ್, ನಿಮ್ಮ ಮೇಲೆ ಗೌರವ ಇದೆ. ಆದರೆ ಇದನ್ನು ಒಪ್ಪುವುದಿಲ್ಲ. ಮಗನಿಗೆ ಇದೇ ತರ ಆದಾಗ ನಾವು ಟೀಚರ್ ಹತ್ತಿರವೇ ಹೋದೆವು, ಒಳ್ಳೆಯ ಮಾತಿನಲ್ಲೇ ಹೇಳಿದೆವು. ಮರುದಿನ ಕ್ಲಾಸಿನಲ್ಲಿ "ಇವನ ಅಪ್ಪ ಬಂದು ಕಂಪ್ಲೇಂಟ್ ಮಾಡಿದ್ದಾರೆ, ಇವನಿಗೆ ಯಾರೂ ಏನೂ ಹೇಳಬೇಡಿ" ಅಂದರು. ಒಂದು ವಾರ ಅವನ ಜೊತೆ ಯಾರೂ ಕೂರಲಿಲ್ಲ. ಮಗುವಿಗೆ ಎಲ್ಲರ ಮುಂದೆ ಅವಮಾನ ಮಾಡುವುದು ಕಾನೂನಿಗೆ ವಿರುದ್ಧ. ಅದನ್ನು ನಿಲ್ಲಿಸಿ ಅಂತ ಕೇಳಿಕೊಳ್ಳಲು ಯಾಕೆ ಹೋಗಬೇಕು? ಹೆಡ್‌ಮಾಸ್ಟರಿಗೆ ಬರೆದು ಕೊಡಿ ಅಕ್ಕ.

ಕಾರ್ಕಳದ ನಿವೃತ್ತ ಹೆಡ್‌ಮಾಸ್ಟರ್:
ನಿಮ್ಮ ಮಗನಿಗೆ ಆದದ್ದು ತೀರಾ ತಪ್ಪು. ಅದಕ್ಕೇ ಮೊದಲ ಭೇಟಿಯಲ್ಲೇ ಈ ಮಾತನ್ನೂ ಹೇಳಿಬಿಡಬೇಕು: "ನಾನು ಬಂದದ್ದು ಕ್ಲಾಸಿನಲ್ಲಿ ಮಾತಾಗಬಾರದು ಟೀಚರ್." ಹೇಳಿದ ಮೇಲೂ ಹಾಗೆ ಮಾಡಿದರೆ ಅದು ಬೇರೆಯೇ ದೂರು, ಮೊದಲಿನದಕ್ಕಿಂತ ದೊಡ್ಡದು. ಆಗ ಅದೇ ದಿನ ಹೆಡ್‌ಮಾಸ್ಟರ್ ಹತ್ತಿರ ಹೋಗಿ. "ಟೀಚರಿಗೆ ಹೇಳಿದ್ದೆ, ಆಮೇಲೆ ಹೀಗಾಯಿತು" ಅಂತ ಹೇಳುವ ಪೋಷಕರ ಮಾತನ್ನು ಯಾವ ಹೆಡ್‌ಮಾಸ್ಟರೂ ಹಗುರವಾಗಿ ತೆಗೆದುಕೊಳ್ಳಲು ಆಗುವುದಿಲ್ಲ.

ಮಣಿಪಾಲದಿಂದ, ಮಕ್ಕಳ ಆಪ್ತಸಮಾಲೋಚಕಿ:
ಟೀಚರ್ ಹತ್ತಿರ ಹೋಗುವ ಮೊದಲು ಮಗಳ ಹತ್ತಿರ ಇನ್ನೊಂದು ಸಲ ಕೂತುಕೊಳ್ಳಿ. "ಟೀಚರ್ ಬೈದರಾ? ಹೊಡೆದರಾ?" ಅಂತ ಕೇಳಿದರೆ ನಾವು ಕಾಯುತ್ತಿರುವ ಉತ್ತರವನ್ನೇ ಮಕ್ಕಳು ಕೊಡುತ್ತಾರೆ. "ಇವತ್ತು ಗಣಿತ ಪೀರಿಯಡ್‌ನಲ್ಲಿ ಎಂತ ಆಯಿತು? ಆಮೇಲೆ? ಆಗ ನೀನು ಎಲ್ಲಿದ್ದೆ? ಪಕ್ಕದಲ್ಲಿ ಯಾರಿದ್ದರು?" ಹೀಗೆ ಕೇಳಿ. ಮಾತಿನಲ್ಲಿ ಹೇಳಲು ಆಗದ ಮಕ್ಕಳಿಗೆ ಕಾಗದ ಕೊಟ್ಟು ಕ್ಲಾಸ್‌ರೂಮ್ ಬಿಡಿಸಲು ಹೇಳಿ. ಟೀಚರ್ ಎಲ್ಲಿ ನಿಲ್ಲುತ್ತಾರೆ, ತಾನೆಲ್ಲಿ ಅಂತ ತೋರಿಸುತ್ತಾ ಕತೆ ತಾನಾಗಿ ಹೊರಗೆ ಬರುತ್ತದೆ. ಅವಳ ಮಾತನ್ನು ಅವಳು ಹೇಳಿದ ಹಾಗೆಯೇ, ತುಳುವಿನಲ್ಲಾದರೂ ಸರಿ, ಅವತ್ತೇ ಬರೆದಿಡಿ. ತಾರೀಕು ಹಾಕಿ.

"ಯಾರಿಗೂ ಹೇಳುವುದಿಲ್ಲ" ಅಂತ ಮಾತ್ರ ಮಾತು ಕೊಡಬೇಡಿ. ಹೇಳಲೇಬೇಕಾಗುತ್ತದೆ. ಹೇಳಿದ ದಿನ ಅವಳಿಗೆ ನಿಮ್ಮ ಮೇಲೂ ನಂಬಿಕೆ ಹೋಗುತ್ತದೆ. ಅದರ ಬದಲು "ನಾನು ಟೀಚರ್ ಹತ್ತಿರ ಮಾತಾಡುತ್ತೇನೆ, ಎಂತ ಹೇಳುತ್ತೇನೆ ಅಂತ ನಿನಗೆ ಮೊದಲೇ ಹೇಳುತ್ತೇನೆ" ಅನ್ನಿ. ಮನೆಯಲ್ಲಿ ದೊಡ್ಡವರು ಅವಳ ಎದುರು ಟೀಚರಿಗೆ ಬೈಯಬಾರದು. ನಾಳೆ ಅದೇ ಕ್ಲಾಸಿನಲ್ಲಿ ಕೂರಬೇಕಾದವಳು ಅವಳು.

ಎರಡು ವಿಷಯ ಗಮನಿಸಿ. ಮಳೆಗೆ ಡಿಸಿ ರಜೆ ಕೊಟ್ಟ ದಿನ ಹೊಟ್ಟೆನೋವು ಇರುತ್ತದಾ? ಇನ್ನೊಂದು, ಕಣ್ಣು ಪರೀಕ್ಷೆ ಮಾಡಿಸಿದ್ದೀರಾ? ಬೋರ್ಡ್ ಕಾಣದ ಮಕ್ಕಳು ಸೋಮಾರಿ ಅನ್ನಿಸಿಕೊಳ್ಳುವುದನ್ನು ಜಾಸ್ತಿ ನೋಡುತ್ತೇವೆ. ಅಂಕಿಗಳು ತಿರುವುಮುರುವಾಗುವುದು, ಎಷ್ಟು ಮಾಡಿಸಿದರೂ ಲೆಕ್ಕ ತಲೆಗೆ ಹತ್ತದಿರುವುದು ಇದ್ದರೆ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದನ್ನೂ ಸೇರಿಸಿದ್ದಾರೆ. ಮುಂದೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂತಹ ರಿಯಾಯಿತಿಗೂ ದಾರಿ ಉಂಟು.

ಸುರತ್ಕಲ್ ಅಮ್ಮ:
ಮೇಡಂ, ರಜೆ ಅಂತ ಗೊತ್ತಾದ ಕೂಡಲೇ ನೋವು ಮಾಯ. ನೀರುದೋಸೆ ಕೇಳಿ ಹಾಕಿಸಿಕೊಂಡು ತಿನ್ನುತ್ತಾಳೆ. ಕಣ್ಣಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಈ ಶನಿವಾರ ಮಾಡಿಸುತ್ತೇನೆ.

ಕುಂದಾಪುರದಿಂದ:
ನಾವೆಲ್ಲ ಮಾಷ್ಟ್ರ ಬೆತ್ತದ ಪೆಟ್ಟು ತಿಂದೇ ಬೆಳೆದದ್ದು. ಮಗ್ಗಿ ಇವತ್ತಿಗೂ ಮರೆತಿಲ್ಲ. ಹೊರಗೆ ನಿಲ್ಲಿಸಿದ್ದಕ್ಕೆಲ್ಲ ದೂರು ಕೊಟ್ಟರೆ ಟೀಚರ್‌ಗಳು ಕಲಿಸುವುದು ಹೇಗೆ?

ಉಡುಪಿಯ ಟೀಚರ್:
ಅಣ್ಣ, ನಾನೇ ಟೀಚರ್. ಹೊರಗೆ ನಿಂತ ಮಗು ಆ ದಿನದ ಪಾಠ ಕೇಳುವುದೇ ಇಲ್ಲ. ಮಗ್ಗಿ ಬಾರದ ಮಗುವಿಗೆ ಭಾಗಾಕಾರವೂ ತಪ್ಪಿಹೋಗುತ್ತದೆ. ಇದರಿಂದ ಕಲಿಸಿದ ಹಾಗೆ ಎಲ್ಲಿ ಆಯಿತು? ನಿಮ್ಮ ಕ್ಲಾಸಿನಲ್ಲಿ ಪೆಟ್ಟಿಗೆ ಹೆದರಿ ಐದನೆಯಲ್ಲೋ ಏಳನೆಯಲ್ಲೋ ಶಾಲೆ ಬಿಟ್ಟವರು ಇದ್ದರಲ್ವಾ? ಅವರು ಇಲ್ಲಿ ಬಂದು ಬರೆಯುವುದಿಲ್ಲ.

ಸುರತ್ಕಲ್ ಅಕ್ಕನಿಗೆ ನಮ್ಮ ಕಡೆಯದ್ದೂ ಸ್ವಲ್ಪ ಹೇಳುತ್ತೇನೆ. ಖಾಸಗಿ ಶಾಲೆಯಲ್ಲಿ ಒಂದು ಕ್ಲಾಸಿನಲ್ಲಿ ನಲವತ್ತು ಮಕ್ಕಳು ಮಾಮೂಲು. ಸಂಬಳ ಕಡಿಮೆ. ದಸರಾ ರಜೆಗೆ ಮೊದಲು ಪೋರ್ಷನ್ ಮುಗಿಸಬೇಕು, ನೋಟ್ಸ್ ತಿದ್ದಬೇಕು, ಎಫ್‌ಎ (ವರ್ಷದ ನಡುವಿನ ಕಿರು ಪರೀಕ್ಷೆ) ಮಾರ್ಕ್ಸ್ ದಾಖಲಿಸಬೇಕು. ಇದರ ನಡುವೆ ರಾತ್ರಿ ಹತ್ತು ಗಂಟೆಗೆ ಪೋಷಕರ ವಾಯ್ಸ್ ಮೆಸೇಜ್ ಬರುತ್ತದೆ. ಇದೆಲ್ಲ ಇದ್ದರೂ ಮಗುವನ್ನು ನಾಚಿಕೆಪಡಿಸಲು ಯಾರಿಗೂ ಹಕ್ಕಿಲ್ಲ. ಆದರೆ ನೀವು ಹೇಳುವ ಮಾತು ಅವರ ಕಿವಿಗೆ ಬೀಳಬೇಕಾದರೆ ಅವರ ದಿನ ಹೇಗಿರುತ್ತದೆ ಅಂತ ಗೊತ್ತಿದ್ದರೆ ಒಳ್ಳೆಯದು.

ವಾಟ್ಸಾಪ್ ಗ್ರೂಪಿನಲ್ಲಿ ಒಂದು ಅಕ್ಷರವೂ ಬರೆಯಬೇಡಿ. ಸ್ಕ್ರೀನ್‌ಶಾಟ್ ಸಂಜೆಯೊಳಗೆ ಸ್ಟಾಫ್ ರೂಮಿಗೆ ಬಂದಿರುತ್ತದೆ. ಅಲ್ಲಿಂದ ಮುಂದೆ ಯಾರಿಗೂ ಮಗುವಿನ ಹೊಟ್ಟೆನೋವು ನೆನಪಿರುವುದಿಲ್ಲ. ಯಾರು ಏನು ಬರೆದರು ಅನ್ನುವುದೇ ಮಾತು.

ತುಳುವಿನ ವಿಷಯವನ್ನು ಬೇರೆ ಮಾಡಿ. ಇಂಗ್ಲಿಷ್ ಮಾತ್ರ ಅನ್ನುವುದು ಸಾಧಾರಣ ಮ್ಯಾನೇಜ್‌ಮೆಂಟ್ ಮಾಡಿದ ನಿಯಮ. ಟೀಚರ್ ಅದನ್ನು ಜಾರಿ ಮಾಡುತ್ತಾರೆ ಅಷ್ಟೇ. ಅದನ್ನು ಟೀಚರ್ ಹತ್ತಿರ ಎಳೆದಾಡಿದರೆ ಅವರಿಗೆ ಬದಲಾಯಿಸುವ ಅಧಿಕಾರವೇ ಇಲ್ಲ. ಹೊರಗೆ ನಿಲ್ಲಿಸುವುದು ಟೀಚರ್ ಹತ್ತಿರ, ಭಾಷೆಯ ಫೈನ್ ಹೆಡ್‌ಮಾಸ್ಟರ್ ಹತ್ತಿರ ಅಥವಾ ರಕ್ಷಕ-ಶಿಕ್ಷಕ ಸಂಘದಲ್ಲಿ. ತುಳು, ಕೊಂಕಣಿ, ಬ್ಯಾರಿ ಮನೆಗಳಿಂದ ಬರುವ ಮಕ್ಕಳಿಗೆ ಬಿಡುವಿನ ಹೊತ್ತಿನಲ್ಲಾದರೂ ಮನೆಮಾತು ಆಡಲು ಬಿಡಬೇಕು ಅಂತ ನಾನಂತೂ ನಮ್ಮ ಶಾಲೆಯಲ್ಲಿ ಹೇಳುತ್ತಲೇ ಇದ್ದೇನೆ.

ಬಂಟ್ವಾಳದ ಎಸ್‌ಡಿಎಂಸಿ ಸದಸ್ಯ:
ಸರಕಾರಿ ಶಾಲೆಯವರು ಓದುತ್ತಿದ್ದರೆ ಅವರಿಗಾಗಿ ಬರೆಯುತ್ತೇನೆ. ನಮ್ಮಲ್ಲಿ ದಾರಿ ಸ್ವಲ್ಪ ಬೇರೆ. ಟೀಚರ್, ಮುಖ್ಯ ಶಿಕ್ಷಕರು, ಆಮೇಲೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು. ಅಲ್ಲಿ ಆಗದಿದ್ದರೆ ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವವರು), ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಕೊನೆಗೆ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು). ಪಂಚಾಯತ್‌ನ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ಹೇಳಬಹುದು. ನಮ್ಮೂರಲ್ಲಿ ಹೇಳಿದ್ದಾರೆ ಕೂಡ.

ಕಷ್ಟ ಬೇರೆ ಉಂಟು. ಕಾಯಂ ಟೀಚರ್ ಇಲ್ಲದೆ ನಾವೇ ದುಡ್ಡು ಒಟ್ಟು ಮಾಡಿ ಗೌರವ ಶಿಕ್ಷಕಿಯನ್ನು ಇಟ್ಟಿರುತ್ತೇವೆ. ಅವರ ಬಗ್ಗೆ ದೂರು ಬಂದರೆ "ಹೇಳಿದರೆ ಬಿಟ್ಟು ಹೋಗುತ್ತಾರೆ, ಆಮೇಲೆ ಯಾರು?" ಅನ್ನುವ ಹೆದರಿಕೆ. ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಅಂತ ಕಾಯ್ದೆಯಲ್ಲಿ ಉಂಟು. ಒಬ್ಬರೇ ಟೀಚರ್ ಮೂರು ಕ್ಲಾಸನ್ನು ಒಟ್ಟಿಗೆ ಕೂರಿಸಿಕೊಂಡು ಕಲಿಸುವಾಗ ಸಿಟ್ಟು ಬರುವುದಕ್ಕೆ ಅವರೊಬ್ಬರೇ ಕಾರಣ ಅಲ್ಲ. ಆಗ ದೂರಿನ ಜೊತೆ ಇನ್ನೊಬ್ಬ ಟೀಚರ್ ಬೇಕು ಅನ್ನುವ ಬೇಡಿಕೆಯನ್ನೂ ಬಿಇಒಗೆ ಬರೆಯಬೇಕು. ನಾವು ಹಾಗೆ ಬರೆದಿದ್ದೇವೆ.

ಕದ್ರಿಯ ವಕೀಲೆ:
ಟೀಚರ್ ಹತ್ತಿರ ಮೊದಲು ಹೋಗಿ ಅನ್ನುವ ಸಲಹೆ ಎಲ್ಲದಕ್ಕೂ ಅಲ್ಲ. ಇದನ್ನು ದಯವಿಟ್ಟು ಎಲ್ಲರೂ ಓದಿ.

ಮಗುವನ್ನು ಯಾರಾದರೂ ಕೆಟ್ಟ ರೀತಿಯಲ್ಲಿ ಮುಟ್ಟಿದ್ದಾರೆ, ಕೆಟ್ಟ ಮಾತು ಅಥವಾ ಚಿತ್ರ ತೋರಿಸಿದ್ದಾರೆ ಅನ್ನಿಸಿದರೆ ಆ ವ್ಯಕ್ತಿಯ ಹತ್ತಿರ ಮಾತಾಡಲು ಹೋಗಬೇಡಿ, ಶಾಲೆಯ ಒಳಗೇ ಮುಗಿಸಿಕೊಳ್ಳೋಣ ಅನ್ನುವ ಮಾತಿಗೂ ಒಪ್ಪಬೇಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯಲ್ಲಿ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಗೊತ್ತಿದ್ದೂ ತಿಳಿಸದ ಶಾಲೆಯ ಮುಖ್ಯಸ್ಥರಿಗೂ ಶಿಕ್ಷೆ ಉಂಟು. ಠಾಣೆಗೆ ಮಗುವನ್ನು ಕರೆದುಕೊಂಡು ಹೋಗಬೇಕು ಅಂತ ಹೆದರಬೇಡಿ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗುವಿಗೆ ಇಷ್ಟವಾದ ಜಾಗದಲ್ಲಿ, ಯೂನಿಫಾರ್ಮ್ ಇಲ್ಲದೆ ಬಂದು ಬರೆದುಕೊಳ್ಳಬೇಕು. ಮೈಮೇಲೆ ಗಾಯ ಆಗುವ ಹಾಗೆ ಹೊಡೆದಿದ್ದರೂ ಮೊದಲು ಡಾಕ್ಟರ್, ಅಲ್ಲಿ ಬರೆಸಿಕೊಂಡ ಚೀಟಿ, ಆಮೇಲೆ ಲಿಖಿತ ದೂರು. ಮಕ್ಕಳ ಸಹಾಯವಾಣಿ 1098 ಯಾವ ಹೊತ್ತಿಗೂ ಸಿಗುತ್ತದೆ, ಮಗುವೇ ಫೋನ್ ಮಾಡಬಹುದು.

ಇನ್ನು ಸುರತ್ಕಲ್ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ದೈಹಿಕ ಶಿಕ್ಷೆಯೂ ಕೊಡಬಾರದು, ಮಾನಸಿಕ ಹಿಂಸೆಯೂ ಮಾಡಬಾರದು. ಕಲಿಕೆಯಲ್ಲಿ ಹಿಂದೆ ಇದ್ದಾಳೆ ಅಂತ ಎಲ್ಲರ ಮುಂದೆ ಕೀಳಾಗಿ ಮಾತಾಡುವುದು ಮಾನಸಿಕ ಹಿಂಸೆ ಅಂತ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಹೇಳುತ್ತದೆ. ದೂರು ಕೊಟ್ಟರೆ ಟಿಸಿ ಕೊಟ್ಟು ಕಳುಹಿಸುತ್ತಾರೆ ಅಂತ ತುಂಬಾ ಜನ ಹೆದರುತ್ತಾರೆ. ಎಂಟನೇ ಕ್ಲಾಸ್ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಗೆ ಹಾಕುವಂತಿಲ್ಲ, 16ನೇ ಸೆಕ್ಷನ್ ನೋಡಿ.

ನಮ್ಮ ಜಿಲ್ಲೆಗೆ ಮುಖ್ಯವಾದ ಇನ್ನೊಂದು ವಿಷಯ. ಅಲ್ಪಸಂಖ್ಯಾತ ಸಂಸ್ಥೆಗಳು ನಡೆಸುವ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಂಗಳೂರಿನಲ್ಲಿ ಅಂಥ ಶಾಲೆಗಳು ಜಾಸ್ತಿ. ಅಲ್ಲಿ ಹೊಡೆಯಬಹುದು ಅಂತ ಅದರ ಅರ್ಥ ಅಲ್ಲ. ಮಗುವಿನ ಹೊಣೆ ಹೊತ್ತವರು ಹಿಂಸೆ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಉಂಟು. ಪೋಕ್ಸೊ ಎಲ್ಲ ಶಾಲೆಗೂ ಉಂಟು. ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ದೂರು ಬರೆಯಬಹುದು.

ಆದರೂ ನಾಲ್ಕನೇ ಕ್ಲಾಸಿನ ಮಗ್ಗಿಯ ವಿಷಯಕ್ಕೆ ನನ್ನ ಹತ್ತಿರ ಬಂದಿದ್ದರೆ ನಾನೂ ಮೊದಲು ಟೀಚರ್ ಹತ್ತಿರವೇ ಕಳುಹಿಸುತ್ತಿದ್ದೆ. ಕಾನೂನು ಗೊತ್ತಿದ್ದರೆ ಮಾತಾಡುವಾಗ ಧೈರ್ಯ ಬರುತ್ತದೆ. ಅದನ್ನು ಮೊದಲ ದಿನವೇ ಮೇಜಿನ ಮೇಲೆ ಇಡಬೇಕು ಅಂತ ಇಲ್ಲ. ಮಗುವಿನ ಬ್ಯಾಗಿನಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡುವ ಕೆಲಸ ಬೇಡ. ಸಿಕ್ಕಿಬಿದ್ದರೆ ಅದರ ಭಾರ ಮಗುವಿನ ಮೇಲೆ ಬೀಳುತ್ತದೆ.

ಸುರತ್ಕಲ್ ಅಮ್ಮ:
ಇವತ್ತು ಟೀಚರನ್ನು ಕಂಡು ಬಂದೆ. ಇಲ್ಲಿ ಹೇಳಿದ ಹಾಗೆ ಡೈರಿಯಲ್ಲಿ ಬರೆದು ಸಮಯ ಕೇಳಿದ್ದೆ. ಮಧ್ಯಾಹ್ನದ ಬಿಡುವಿನಲ್ಲಿ ಕರೆದರು.

ಅವರು ಮೊದಲು ಹೈಸ್ಕೂಲಿನಲ್ಲಿ ಕಲಿಸುತ್ತಿದ್ದವರು. ಸಣ್ಣ ಮಕ್ಕಳ ಕ್ಲಾಸ್ ಇದೇ ಮೊದಲು. ಮಗಳು ಹೇಗಿರುತ್ತಾಳೆ ಅಂತ ಕೇಳಿದೆ. ಕನ್ನಡದಲ್ಲಿ, ಇವಿಎಸ್‌ನಲ್ಲಿ ಚುರುಕು ಅಂತ ಬೇರೆ ಟೀಚರ್‌ಗಳು ಹೇಳುತ್ತಾರೆ, ಗಣಿತದಲ್ಲಿ ಬಾಯಿಯೇ ಬಿಡುವುದಿಲ್ಲ ಅಂದರು. ಹೊಟ್ಟೆನೋವಿನ ವಿಷಯ ಹೇಳಿದಾಗ ನಿಜವಾಗಿ ಅವರಿಗೆ ಬೇಜಾರಾಯಿತು. ಗೊತ್ತೇ ಇರಲಿಲ್ಲ ಅಂದರು. ಎರಡನೇ ಕ್ಲಾಸಿಗೆ ಹೋಗು ಅಂದದ್ದು ಹೌದು, ಇನ್ನು ಹಾಗೆ ಹೇಳುವುದಿಲ್ಲ ಅಂದರು. ಹೊರಗೆ ನಿಲ್ಲಿಸುವುದರ ಬಗ್ಗೆ ಮಾತ್ರ "ಎಲ್ಲರಿಗೂ ಮಾಡುತ್ತೇನೆ, ನಿಮ್ಮ ಮಗಳಿಗೊಂದೇ ಅಲ್ಲ" ಅಂತ ಹಿಡಿದುಕೊಂಡರು. ಕೊನೆಗೆ "ಸರಿ, ಅವಳನ್ನು ನಿಲ್ಲಿಸುವುದಿಲ್ಲ" ಅಂದರು. "ಉಳಿದ ಮಕ್ಕಳು?" ಅಂತ ಕೇಳಿದೆ. ಅದಕ್ಕೆ ಉತ್ತರ ಕೊಡಲಿಲ್ಲ, ಬೆಲ್ ಹೊಡೆಯಿತು.

ಕಣ್ಣು ಸರಿಯಾಗಿ ಉಂಟು. ಮಗ್ಗಿಯನ್ನು ದಿನಾ ರಾತ್ರಿ ಅಜ್ಜಿಯ ಜೊತೆ ತುಳುವಿನಲ್ಲಿ ಹೇಳಿಸುತ್ತಿದ್ದೇನೆ, ಆರರದ್ದು ಬಂತು. ನನ್ನ ಮಗಳ ಮಟ್ಟಿಗೆ ಮಾತು ಕೊಟ್ಟಿದ್ದಾರೆ. ಇಷ್ಟಕ್ಕೆ ಬಿಡಬೇಕಾ? ಮನಸ್ಸು ಒಪ್ಪುತ್ತಿಲ್ಲ.

ಉಳ್ಳಾಲದ ಅಪ್ಪ:
ಬಿಡಬೇಡಿ ಅಕ್ಕ. ನೀವು ಹೋಗಿ ಮಾತಾಡಿದ್ದು ದೊಡ್ಡದು, ಅದನ್ನು ನಾನು ಒಪ್ಪುತ್ತೇನೆ. ಆದರೆ ನಾಳೆಯಿಂದ ನಿಮ್ಮ ಮಗಳು ಒಳಗೆ ಕೂತು, ಪಕ್ಕದ ಮಗು ಹೊರಗೆ ನಿಂತರೆ ಅವಳಿಗೇ ಕಷ್ಟ. ಗ್ರೂಪಿನಲ್ಲಿ ಕೂಗಾಡುವವರಲ್ಲಿ ನಾಲ್ಕು ಜನರನ್ನು ನೇರವಾಗಿ ಫೋನ್ ಮಾಡಿ ಕೇಳಿ. ಪ್ರತಿಯೊಬ್ಬರೂ ತಮ್ಮ ಮಗುವಿಗೆ ಆದದ್ದನ್ನು ಮಾತ್ರ ಬರೆಯಲಿ. ಎಲ್ಲ ಸೇರಿ ಒಂದೇ ಕಾಗದಕ್ಕೆ ಸಹಿ ಹಾಕಿದರೆ ಗುಂಪು ಕಟ್ಟಿಕೊಂಡು ಬಂದರು ಅನ್ನುತ್ತಾರೆ.

ಉಡುಪಿಯ ಟೀಚರ್:
ಹೆಡ್‌ಮಾಸ್ಟರ್ ಹತ್ತಿರ ಹೋಗುವ ಮೊದಲು ಟೀಚರಿಗೆ ಒಂದು ಮಾತು ಹೇಳಿ. "ನೀವು ನನ್ನ ಮಗಳ ವಿಷಯ ಕೇಳಿದ್ದಕ್ಕೆ ಥ್ಯಾಂಕ್ಸ್. ಹೊರಗೆ ನಿಲ್ಲಿಸುವ ಪದ್ಧತಿಯ ಬಗ್ಗೆ ಹೆಡ್‌ಮಾಸ್ಟರಿಗೆ ಬರೆಯುತ್ತಿದ್ದೇನೆ" ಅಂತ. ಬೆನ್ನ ಹಿಂದೆ ಹೋದರು ಅನ್ನಿಸುವುದಿಲ್ಲ. ಹೈಸ್ಕೂಲಿನಿಂದ ಬಂದವರಿಗೆ ಸಣ್ಣ ಕ್ಲಾಸ್ ಹೇಗೆ ನಡೆಸುವುದು ಅಂತ ಯಾರೂ ತೋರಿಸಿಕೊಟ್ಟಿರುವುದಿಲ್ಲ. ಪ್ರೈಮರಿಯ ಹಳೆಯ ಟೀಚರ್ ಒಬ್ಬರು ಕೆಲವು ದಿನ ಜೊತೆಗೆ ಕೂತರೆ ಎಷ್ಟೋ ಸರಿಯಾಗುತ್ತದೆ. ಅದನ್ನು ಕಾಗದದಲ್ಲಿ ಕೇಳಿ.

ಸುರತ್ಕಲ್ ಅಮ್ಮ:
ಹೀಗೆ ಬರೆದಿದ್ದೇನೆ, ನೋಡಿ ಹೇಳಿ.

"ಮುಖ್ಯೋಪಾಧ್ಯಾಯರಿಗೆ, ನನ್ನ ಮಗಳು ನಾಲ್ಕನೇ ತರಗತಿಯಲ್ಲಿ ಓದುತ್ತಿದ್ದಾಳೆ. ಮಗ್ಗಿ ತಪ್ಪಿದ ಕಾರಣಕ್ಕೆ ಕೆಳಗೆ ಬರೆದ ದಿನಗಳಲ್ಲಿ ಅವಳನ್ನು ಗಣಿತ ಪೀರಿಯಡ್ ಪೂರ್ತಿ ತರಗತಿಯ ಹೊರಗೆ ನಿಲ್ಲಿಸಲಾಗಿದೆ. ಟೀಚರ್ ಜೊತೆ ಮಾತಾಡಿದ್ದೇನೆ. ನನ್ನ ಮಗಳನ್ನು ಇನ್ನು ನಿಲ್ಲಿಸುವುದಿಲ್ಲ ಎಂದಿದ್ದಾರೆ, ಅದಕ್ಕೆ ಕೃತಜ್ಞತೆ. ಈ ರೀತಿ ಯಾವ ಮಗುವನ್ನೂ ಹೊರಗೆ ನಿಲ್ಲಿಸಬಾರದು ಎಂದು ಕೇಳಿಕೊಳ್ಳುತ್ತೇನೆ. ಹಿಂದೆ ಇರುವ ಮಕ್ಕಳಿಗೆ ಗಣಿತ ಕಲಿಸಲು ಟೀಚರಿಗೆ ಶಾಲೆಯಿಂದ ಬೇಕಾದ ಸಹಾಯ ಸಿಗಲಿ. ಮನೆಮಾತಿನಲ್ಲಿ ಮಾತಾಡಿದ್ದಕ್ಕೆ ಫೈನ್ ಹಾಕುವ ವಿಷಯವನ್ನು ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಚರ್ಚೆಗೆ ಇಡಬೇಕು. ಈ ಕೆಟ್ಟ ಪದ್ಧತಿಯಿಂದ ಮಕ್ಕಳ ಭವಿಷ್ಯವೇ ಹಾಳಾಗುತ್ತಿದೆ."

ಕದ್ರಿಯ ವಕೀಲೆ:
ಚೆನ್ನಾಗಿದೆ. ಕೊನೆಯ ವಾಕ್ಯ ತೆಗೆಯಿರಿ. ಅವರು ಉತ್ತರ ಕೊಡುವಾಗ ಆ ಒಂದು ವಾಕ್ಯವನ್ನೇ ಹಿಡಿದು ಮಾತಾಡುತ್ತಾರೆ. ಅದರ ಜಾಗದಲ್ಲಿ "ಎರಡು ವಾರದೊಳಗೆ ಲಿಖಿತ ಉತ್ತರ ಕೊಡಬೇಕು" ಅಂತ ಹಾಕಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಆಫೀಸಿನ ಸೀಲು, ತಾರೀಕು ಹಾಕಿಸಿಕೊಂಡು ನೀವು ಇಟ್ಟುಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಉತ್ತರ ಬಾರದಿದ್ದರೆ ಶಾಲೆಯ ಸಂಚಾಲಕರಿಗೆ, ಅಲ್ಲಿಯೂ ಆಗದಿದ್ದರೆ ಬಿಇಒಗೆ. ಸುರತ್ಕಲ್ ಮಂಗಳೂರು ಉತ್ತರ ವಲಯಕ್ಕೆ ಬರುತ್ತದೆ. ಖಾಸಗಿ ಶಾಲೆ ಅಂದ ಮಾತ್ರಕ್ಕೆ ಬಿಇಒ ದೂರು ತೆಗೆದುಕೊಳ್ಳುವುದಿಲ್ಲ ಅಂತ ಇಲ್ಲ.

ಕುಂದಾಪುರದಿಂದ:
ನಾನು ಮೊದಲು ಬರೆದದ್ದಕ್ಕೆ ಟೀಚರ್ ಹೇಳಿದ ಮಾತು ತಲೆಯಲ್ಲಿ ಉಳಿಯಿತು. ಶಾಲೆ ಬಿಟ್ಟವರು ನಮ್ಮ ಕ್ಲಾಸಿನಲ್ಲಿ ಇದ್ದರು, ಹೌದು. ಒಂದು ಪ್ರಶ್ನೆ. ನಮ್ಮ ಮೊಮ್ಮಗನ ಶಾಲೆಯಲ್ಲಿ ರಕ್ಷಕ-ಶಿಕ್ಷಕ ಸಂಘದ ಸಭೆ ಅಂದರೆ ಹಣ, ವಾರ್ಷಿಕೋತ್ಸವ ಇಷ್ಟೇ ಮಾತು. ಇಂಥ ವಿಷಯ ಅಲ್ಲಿ ಎತ್ತುವುದು ಹೇಗೆ?

ಕಾರ್ಕಳದ ನಿವೃತ್ತ ಹೆಡ್‌ಮಾಸ್ಟರ್:
ಸಭೆಯ ದಿನ ಎದ್ದು ನಿಂತು ಕೇಳಿದರೆ "ಆಮೇಲೆ ನೋಡೋಣ" ಅಂತ ಮುಗಿಸುತ್ತಾರೆ. ಸಭೆಗೆ ಒಂದು ವಾರ ಮೊದಲೇ ಸಂಘದ ಅಧ್ಯಕ್ಷರಿಗೂ ಹೆಡ್‌ಮಾಸ್ಟರಿಗೂ ಬರೆದು ಕೊಡಿ, ಕಾರ್ಯಸೂಚಿಯಲ್ಲಿ ಸೇರಿಸಿ ಅಂತ. ಟೀಚರ್ ಹೆಸರು ಬೇಡ, ಮಗುವಿನ ಹೆಸರೂ ಬೇಡ. "ಮಗ್ಗಿ, ಕಾಪಿ ಬರಹ ತಪ್ಪಿದಾಗ ನಮ್ಮ ಶಾಲೆಯಲ್ಲಿ ಏನು ಮಾಡುತ್ತಾರೆ, ಏನು ಮಾಡಬಾರದು" ಅಂತ ಪದ್ಧತಿಯನ್ನಷ್ಟೇ ವಿಷಯವಾಗಿ ಕೊಡಿ. ತೀರ್ಮಾನ ಆದರೆ ನಿರ್ಣಯ ಪುಸ್ತಕದಲ್ಲಿ ಬರೆಯುವುದನ್ನು ನೋಡಿಯೇ ಎದ್ದು ಬನ್ನಿ. ಮುಂದಿನ ವರ್ಷ ಹೊಸ ಟೀಚರ್ ಬಂದರೆ ಅವರಿಗೆ ಕೊಡಲು ಅದು ಬೇಕಾಗುತ್ತದೆ.

ಸುರತ್ಕಲ್ ಅಮ್ಮ:
ಕಾಗದ ಕೊಟ್ಟೆ, ಸೀಲು ಹಾಕಿಕೊಟ್ಟರು. ನನ್ನ ಜೊತೆ ಇನ್ನೂ ಮೂವರು ಅಮ್ಮಂದಿರು ಬೇರೆ ಬೇರೆಯಾಗಿ ಬರೆದು ಕೊಟ್ಟಿದ್ದಾರೆ. ಹೆಡ್‌ಮಾಸ್ಟರ್ ಓದಿ, ಹೊರಗೆ ನಿಲ್ಲಿಸುವುದು ಇವತ್ತಿನಿಂದಲೇ ಬೇಡ ಅಂತ ಎಲ್ಲ ಟೀಚರ್‌ಗಳಿಗೂ ಹೇಳುತ್ತೇನೆ ಅಂದರು. ಲಿಖಿತ ಉತ್ತರ ಇನ್ನೂ ಬರಬೇಕು. ಫೈನ್ ವಿಷಯ ಮ್ಯಾನೇಜ್‌ಮೆಂಟ್ ಹತ್ತಿರ ಕೇಳಬೇಕು ಅಂತ ಜಾರಿಕೊಂಡರು. ಅದನ್ನು ಸಂಘದ ಸಭೆಗೆ ಬರೆದು ಕೊಡುತ್ತೇನೆ. ಅಧ್ಯಕ್ಷರ ನಂಬರ್ ಸಿಕ್ಕಿದೆ, ನಾಳೆ ಫೋನ್ ಮಾಡುತ್ತೇನೆ.